ಏಳು ವಿಲಿಯಂ ಜೋನ್ಸರ ಚರಿತ್ರೆ

ಕಾಮ್ವಿ ಕಣಿವೆಯಲ್ಲಿ ಆಗ ಏಳು ಮಂದಿ ವಿಲಿಯಂ ಜೋನ್ಸ್ ಇದ್ದರು. ಅದು ಯಾರ ತಪ್ಪೂ ಅಲ್ಲ. ವೇಲ್ಸ್ ಬಿಟ್ಟು ದಕ್ಷಿಣ ಅಮೆರಿಕದ ಪೆಟಗೋನಿಯಾಕ್ಕೆ ಹಡಗು ಹತ್ತಿದಾಗ ನಮ್ಮವರು ಬೈಬಲ್ ತಂದರು, ಚಹಾದ ಕೆಟಲ್ ತಂದರು, ಬಿತ್ತನೆ ಗೋಧಿ ತಂದರು. ಹೊಸ ಹೆಸರನ್ನು ಮಾತ್ರ ಒಬ್ಬ ಪುಣ್ಯಾತ್ಮನೂ ತರಲಿಲ್ಲ. ಚಾಪೆಲಿನಲ್ಲಿ ಯಾರಾದರೂ "ವಿಲಿಯಂ ಜೋನ್ಸ್, ಸ್ವಲ್ಪ ಬನ್ನಿ" ಅಂದರೆ ಒಂದು ಬೆಂಚು ಪೂರ್ತಿ ಎದ್ದು ನಿಲ್ಲುತ್ತಿತ್ತು. ಹಾಗಾಗಿ ಅಡ್ಡಹೆಸರಿಲ್ಲದೆ ನಮ್ಮ ಕಡೆ ಬದುಕು ಸಾಗುವುದಿಲ್ಲ. ಬೆಣ್ಣೆ ಮಾರಿ ಮೇಲೆ ಬಂದವನು ಬೆಣ್ಣೆ ವಿಲ್. ಬಾವಿ ತೋಡಿಸಿ ಬರೀ ಉಪ್ಪುನೀರು ಕಂಡವನು ಉಪ್ಪುಬಾವಿ ವಿಲ್. ಒಂಟಿಗಾಲು ವಿಲ್‌ಗೆ ಎರಡು ಕಾಲೂ ಗಟ್ಟಿಮುಟ್ಟಾಗಿದ್ದವು. ಪ್ರಾರ್ಥನೆ ಉದ್ದವಾದರೆ ಕೊಕ್ಕರೆಯ ಹಾಗೆ ಒಂದೇ ಕಾಲಲ್ಲಿ ನಿಲ್ಲುತ್ತಿದ್ದ, ಅಷ್ಟೆ.

ಅಡ್ಡಹೆಸರನ್ನು ಯಾರೂ ಅರ್ಜಿ ಹಾಕಿ ಪಡೆಯುವುದಿಲ್ಲವಲ್ಲ. ನಮ್ಮ ಈ ಕಥೆಯ ವಿಲ್‌ಗೆ ಅಂಟಿಕೊಂಡದ್ದು ಏಳರಲ್ಲೂ ಕೆಟ್ಟದ್ದು: ಮನೆಗೋಗ್ತೀನಿ ವಿಲ್.

ಅದು ಅಂಟಿಕೊಂಡ ಬಗೆ ಹೀಗೆ. ಮೊದಲ ಹಡಗು ಜನರನ್ನು ಬೋಳು ದಡದಲ್ಲಿ ಇಳಿಸಿ ಹಿಂದಿರುಗಿ ಹೊರಟಿತ್ತು. ಹಸಿರು ನಾಡು ಅಂತ ನಂಬಿಸಿ ಕರೆತಂದಿದ್ದರು. ಕಣ್ಣಿಗೆ ಬಿದ್ದದ್ದು ಮುಳ್ಳಿನ ಪೊದೆ, ಉಪ್ಪು ಹಿಡಿದ ಮಣ್ಣು, ಮೈ ತಿನ್ನುವ ಗಾಳಿ. ಎಲ್ಲರೂ ಬಾಯಿ ಮುಚ್ಚಿಕೊಂಡು ನಿಂತಿದ್ದಾಗ ವಿಲ್ ಮಾತ್ರ ಟೋಪಿ, ಕೋಟು, ಬೂಟ್ಸು ಸಮೇತ ಸಮುದ್ರಕ್ಕೆ ಇಳಿದು, "ಮನೆಗೋಗ್ತೀನಿ! ನಾನು ಮನೆಗೋಗ್ತೀನಿ!" ಅಂತ ಹಡಗಿನ ಹಿಂದೆ ಕೂಗುತ್ತಾ ಕತ್ತುಮಟ್ಟ ನೀರಿಗೆ ಹೋಗಿಬಿಟ್ಟ. ಅವನ ಹೆಂಡತಿ ಲೌರಿ ದಡದಲ್ಲಿ ಹಸುಗೂಸನ್ನು ಎತ್ತಿಕೊಂಡು ನಿಂತಿದ್ದಳು. "ಹೋಗೋದಾದ್ರೆ ಹೋಗು ಮಾರಾಯ, ಆದ್ರೆ ಬೂಟ್ಸ್ ಬಿಟ್ಟು ಹೋಗು. ಇಲ್ಲಿ ಬೇಕಾಗತ್ತೆ," ಅಂದಳು. ಆ ದಡದಲ್ಲಿ ನಮ್ಮ ಜನ ನಕ್ಕ ಮೊದಲ ನಗು ಅದು. ವಿಲ್ ತೊಟ್ಟಿಕ್ಕುತ್ತಾ ವಾಪಸು ಬಂದ. ಹೆಸರು ಅವನಿಗಿಂತ ಮೊದಲೇ ದಡ ಸೇರಿತ್ತು.

ಮೂವತ್ತು ವರ್ಷ ಕಳೆದರೂ ಅದು ಒಣಗಲಿಲ್ಲ. ಕಾಲುವೆ ತೋಡಿದ, ಗೋಧಿ ಬೆಳೆದ, ಸೇಬಿನ ಗಿಡ ಹಾಕಿದ. ಏನು ಮಾಡಿದರೂ ಅವನು ಮನೆಗೋಗ್ತೀನಿ ವಿಲ್ಲೇ. ಎದುರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಅವನಿಗೆ ಮೂಗಿನ ಮೇಲೇ ಕೋಪ. ಬೆನ್ನ ಹಿಂದೆ ಮಾತ್ರ ಧಾರಾಳವಾಗಿ ನಡೆಯುತ್ತಿತ್ತು. ನಮ್ಮಲ್ಲಿ ಗಂಡನ ಅಡ್ಡಹೆಸರು ಹೆಂಡತಿಗೂ ಬರುತ್ತದೆ, ಲೌರಿಯನ್ನು ಊರೆಲ್ಲ ಮನೆಗೋಗ್ತೀನಿ ಲೌರಿ ಅನ್ನುತ್ತಿತ್ತು. ಅವಳು ನಗುನಗುತ್ತಾ ಓಗೊಡುತ್ತಿದ್ದಳು. "ನಿನಗೆ ನಾಚಿಕೆ ಆಗಲ್ವೇನೇ?" ಅಂತ ವಿಲ್ ಸಿಡುಕಿದರೆ, "ಲೌರಿ ಜೋನ್ಸ್ ಅಂದ್ರೆ ಊರಲ್ಲಿ ಐದು ಜನ ತಿರುಗಿ ನೋಡ್ತಾರೆ. ಇದಕ್ಕೆ ನಾನೊಬ್ಬಳೇ," ಅನ್ನುತ್ತಿದ್ದಳು. ಅವಳು ತೀರಿಕೊಂಡು ನಾಲ್ಕು ಚಳಿಗಾಲ ಆಗಿತ್ತು.

ಇಂಥ ಕಾಲಕ್ಕೆ ಎಲಿಸ್ ಪ್ರಿದರ್ಚ್ ಮೇಷ್ಟ್ರು ವಸಾಹತಿನ ಚರಿತ್ರೆ ಬರೆದು ಮುಗಿಸಿದರು. ನಮ್ಮ ಕಣಿವೆಯ ಬಗ್ಗೆ ಅಚ್ಚಾಗುವ ಮೊದಲ ಚರಿತ್ರೆ, ನಮ್ಮ ಭಾಷೆಯಲ್ಲಿ, ನಮ್ಮದೇ ಪೇಟೆಯ ಪುಟ್ಟ ಪ್ರೆಸ್ಸಿನಲ್ಲಿ! ಮೇಷ್ಟ್ರು ಎರಡನೇ ಹಡಗಿನಲ್ಲಿ ಬಂದವರು, ಮೊದಲ ಚಳಿಗಾಲವನ್ನು ಕಂಡವರಲ್ಲ. ಅವರಿವರನ್ನು ಕೇಳಿ ಬರೆದಿದ್ದರು. ಹಳೇ ನಾಡಿನವರೂ ಓದುವ ಪುಸ್ತಕವೆಂದು ಚಾಪೆಲಿನ ಹಿರಿಯರು ಸಭೆ ಸೇರಿ ಒಂದು ನಿರ್ಣಯ ಮಾಡಿದರು: ಚರಿತ್ರೆಯಲ್ಲಿ ಅಡ್ಡಹೆಸರು ಬರಕೂಡದು. ನಾಮಕರಣದಲ್ಲಿ ಇಟ್ಟ ಹೆಸರು ಮಾತ್ರ. ಒಪ್ಪುವವರು ಕೈ ಎತ್ತಿ ಅಂದಾಗ ವಿಲ್ ಎರಡೂ ಕೈ ಎತ್ತಿದ.

ಅವನ ಸಂತೋಷ ಕೇಳಬೇಕೆ! ಕಡೆಗೂ ಒಂದು ಜಾಗದಲ್ಲಿ ಅವನು ಬರೀ ವಿಲಿಯಂ ಜೋನ್ಸ್ ಆಗಲಿದ್ದ. ಮೊಮ್ಮಕ್ಕಳ ಮಕ್ಕಳು ಪುಸ್ತಕ ತೆರೆದರೆ ಟೋಪಿ ಹಾಕಿಕೊಂಡು ಸಮುದ್ರಕ್ಕೆ ಇಳಿದ ಹುಚ್ಚ ಅಲ್ಲಿ ಇರುವುದಿಲ್ಲ. ದಿನಾ ಸಂಜೆ ಮಗಳ ದಾರಿ ಕಾಯುತ್ತಿದ್ದ. ಅಂದು ದಡದಲ್ಲಿ ಕೂಸಾಗಿದ್ದ ಹೆಲೆದ್ ಈಗ ಅದೇ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದಳು, ಒಂದೊಂದೇ ಅಕ್ಷರ ಆರಿಸಿ ಸಾಲು ಕಟ್ಟುವ ಕೆಲಸ.

"ನಾನು ಬಂದೆನಾ?" ಅನ್ನುತ್ತಿದ್ದ ವಿಲ್.

"ಇನ್ನೂ ಹಡಗೇ ಬಂದಿಲ್ಲ ಅಪ್ಪ. ಮೇಷ್ಟ್ರು ಇನ್ನೂ ನೋಹನ ಕಾಲದಲ್ಲಿದಾರೆ."

ಒಂದು ಸಂಜೆ ಅವಳು ಮೊದಲ ಚಳಿಗಾಲದ ಪ್ರೂಫ್ ಹಾಳೆಯನ್ನೇ ತಂದಳು. ವಿಲ್ ಚಹಾ ಬದಿಗಿಟ್ಟು ಕನ್ನಡಕ ಏರಿಸಿದ. ಶಾಯಿ ಇನ್ನೂ ಘಮಘಮ ಅನ್ನುತ್ತಿತ್ತು. ವಿಲಿಯಂ ಜೋನ್ಸ್ ಮೊದಲ ಕಾಲುವೆಗೆ ಗುದ್ದಲಿ ಹಾಕಿದ. ಎರಡು ಸಾಲಿನ ಕೆಳಗೆ ವಿಲಿಯಂ ಜೋನ್ಸ್ ಮರುಭೂಮಿಯಲ್ಲಿ ದಾರಿ ತಪ್ಪಿದ, ಮಾರನೆಯ ದಿನವೇ ಚಾಪೆಲಿನಲ್ಲಿ ಹಾಡು ಕಲಿಸಿದ, ಒಂದೇ ಚಳಿಗಾಲದಲ್ಲಿ ಇಬ್ಬರು ಹೆಂಗಸರನ್ನು ಮದುವೆಯಾದ.

"ಎಂಥಾ ಆಸಾಮಿ ನೋಡೇ ಇವನು! ನಿದ್ದೆ ಯಾವಾಗ ಮಾಡ್ತಿದ್ದ?" ವಿಲ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಆಮೇಲೆ ಆ ಸಾಲು ಬಂತು. ‘ಹಸಿವಿನ ಆ ಕಾಲದಲ್ಲಿ ವಿಲಿಯಂ ಜೋನ್ಸ್ ಅವರ ಪತ್ನಿ ಒಂದು ರೊಟ್ಟಿಯನ್ನು ಹಿಡಿದು ಒಬ್ಬರೇ ಮೂಲನಿವಾಸಿಗಳ ಡೇರೆಗಳ ಕಡೆ ನಡೆದು, ಮಾಂಸದೊಂದಿಗೆ ಹಿಂದಿರುಗಿದರು.’

ವಿಲ್ ಮೇಜು ಗುದ್ದಿದ. "ಬಂದಳಲ್ಲೇ! ನಿಮ್ಮಮ್ಮ ಬಂದಳು ನೋಡು!"

ಹೆಲೆದ್ ನಗಲಿಲ್ಲ. "ಇದು ಅಮ್ಮ ಅಂತ ಯಾರಿಗೆ ಗೊತ್ತಾಗತ್ತೆ ಅಪ್ಪ? ಇದರ ಹಿಂದಿನ ಪುಟದಲ್ಲೂ ಬೆಣ್ಣೆ ವಿಲ್ ಮಾಮ, ಮುಂದಿನ ಪುಟದಲ್ಲೂ ಅವರೇ. ಪ್ರೆಸ್ಸಿಗೆ ಬಂದು ಓದಿದೋರೆಲ್ಲ ಡೋರ್ಕಸತ್ತೆಗೆ ಶಭಾಷ್ ಹೇಳಿ ಹೋಗ್ತಿದಾರೆ. ನಮ್ಮ ಮೇಷ್ಟ್ರೂ ಹಾಗೇ ತಿಳ್ಕೊಂಡಿದಾರೆ."

ಡೋರ್ಕಸ್ ಅಂದರೆ ಬೆಣ್ಣೆ ವಿಲ್‌ನ ಹೆಂಡತಿ. ವಿಲ್ ಮತ್ತೆ ಆ ಸಾಲು ಓದಿದ, ಮತ್ತೊಮ್ಮೆ ಓದಿದ. ಅವನ ಮುಖ ಇಳಿದುಹೋಯಿತು.

ನಡೆದದ್ದು ಅವನ ಕಣ್ಣಲ್ಲಿ ಹಾಗೇ ಇತ್ತು. ಹಿಟ್ಟು ಮುಗಿಯುತ್ತಾ ಬಂದಿತ್ತು. ನದಿಯಾಚೆ ಮೂಲನಿವಾಸಿ ತೆವೆಲ್ಚೆ ಜನರ ಡೇರೆಗಳ ಹೊಗೆ ಕಾಣುತ್ತಿತ್ತು. ಗಂಡಸರು ಸೇರಿ ಪ್ರಾರ್ಥನೆ ಮಾಡಿದರು, ಚರ್ಚೆ ಮಾಡಿದರು, ಮತ್ತೆ ಪ್ರಾರ್ಥನೆ ಮಾಡಿದರು. ಲೌರಿ ಸುಮ್ಮನೆ ಉಳಿದ ಹಿಟ್ಟನ್ನು ನಾದಿ, ರೊಟ್ಟಿ ಬೇಯಿಸಿ, ಬಿಸಿ ಇರುವಾಗಲೇ ಅದನ್ನು ಮಡಿಲಿಗೆ ಕಟ್ಟಿಕೊಂಡು ಕೂಸನ್ನು ವಿಲ್‌ನ ಕೈಗೆ ಕೊಟ್ಟಳು. "ಅವರೂ ಅಡುಗೆ ಮಾಡ್ಕೊಂಡು ತಿನ್ನೋ ಜನ ತಾನೆ," ಅಂದು ಹೊರಟೇಬಿಟ್ಟಳು. ವಿಲ್ ಅಳುವ ಕೂಸನ್ನು ಹಿಡಿದು ಸಂಜೆಯವರೆಗೆ ನದಿಯ ದಂಡೆಯಲ್ಲಿ ನಿಂತ, ಜೀವ ಬಾಯಿಗೆ ಬಂದಿತ್ತು. ಕತ್ತಲಾಗುವ ಮೊದಲು ಲೌರಿ ಬಂದಳು. ಗ್ವನಾಕೊ ಅಂತ ಇಲ್ಲಿ ಉದ್ದ ಕತ್ತಿನ ಪ್ರಾಣಿ ಇದೆಯಲ್ಲ, ಅದರ ತೊಡೆಯ ಮಾಂಸ ಅವಳ ಹೆಗಲ ಮೇಲಿತ್ತು. ಒಬ್ಬಳಿಗೆ ಹೊರಲಾಗದೆ ಒಬ್ಬ ತೆವೆಲ್ಚೆ ಹೆಂಗಸೂ ಜೊತೆಗೆ ಹೊತ್ತು ತಂದಿದ್ದಳು. ಆ ಹೆಂಗಸಿಗೆ ರೊಟ್ಟಿ ರುಚಿ ಹತ್ತಿ, ಇದನ್ನು ಮಾಡುವುದು ಹೇಗೆ ಅಂತ ನೋಡಲು ಬಂದಿದ್ದಳು. ಅಂದಿನಿಂದ ರೊಟ್ಟಿ ಆಚೆ ಹೋಯಿತು, ಮಾಂಸ ಈಚೆ ಬಂತು; ಊರು ಉಳಿಯಿತು.

ಅದು ಈಗ ಡೋರ್ಕಸಳ ಪಾಲು! ಮಾರನೆಯ ದಿನವೇ ವಿಲ್ ಮೇಷ್ಟ್ರ ಮನೆಗೆ ನಡೆದ.

ಮೇಷ್ಟ್ರು ಒಳ್ಳೆಯವರೇ, ಆದರೆ ಪೂರ್ಣವಿರಾಮ ಬಂದರೂ ನಿಲ್ಲದ ಮನುಷ್ಯ. ವಿಲ್ ಹೇಳಿದ್ದನ್ನೆಲ್ಲ ಕೇಳಿ ತಲೆ ಮೇಲೆ ಕೈಹೊತ್ತರು.

"ಅಯ್ಯೋ ದೇವರೆ, ಅದು ಲೌರಿಯಮ್ಮನಾ? ಹಾಗಾದ್ರೆ ಸರಿ ಮಾಡ್ಲೇಬೇಕು. ನಿಮ್ಮ ತೋಟದ ಹೆಸರು ಸೇರಿಸೋಣ. ಏನು ಹೆಸರು?"

"ಹೊಸಮನೆ."

"ಬೆಣ್ಣೆ ವಿಲ್ ಅವರದ್ದೂ ಹೊಸಮನೆ ಅಲ್ವೇ?"

"ಉಪ್ಪುಬಾವೀದೂ ಹೊಸಮನೇನೇ. ಎಲ್ರೂ ಹೊಸದಾಗಿ ಮನೆ ಕಟ್ಟಿದ್ವಿ ಮೇಷ್ಟ್ರೆ, ಇನ್ನೇನಂತ ಕರೀಬೇಕಿತ್ತು?"

"ಲೌರಿ ಜೋನ್ಸ್ ಅಂತ ಅವರ ಹೆಸರೇ ಹಾಕಿದ್ರೆ?"

"ಮೊದಲ ಹಡಗಲ್ಲೇ ಮೂರು ಲೌರಿ ಜೋನ್ಸ್ ಇದ್ರು. ಒಬ್ಬಳು ಬೆಣ್ಣೆ ವಿಲ್ ಅಕ್ಕ."

"ಕೆಂಪು ಕೂದಲಿನ ವಿಲಿಯಂ ಜೋನ್ಸ್ ಅಂತ ಹಾಕೋಣವೇ? ಆಗ ನಿಮ್ಮ ಕೂದಲು..."

ವಿಲ್ ಟೋಪಿ ತೆಗೆದು ತನ್ನ ಬೋಳುತಲೆ ತೋರಿಸಿದ. "ಓದೋರು ನಂಬಬೇಕಲ್ಲ."

ಮೇಷ್ಟ್ರು ಕೆಮ್ಮಿದರು. ಆಮೇಲೆ ಮೆತ್ತಗೆ ಅಂದರು: "ನಿಮ್ಮನ್ನ ಉಳಿದ ಆರು ಜನರಿಂದ ಬೇರೆ ಮಾಡೋದು ಒಂದೇ ಒಂದಿದೆ ವಿಲಿಯಂ ಜೋನ್ಸ್. ಅದು ಕಣಿವೆಗೆಲ್ಲ ಗೊತ್ತು. ಆದ್ರೆ ಅದು ಬೇಡ ಅಂತ ನಿರ್ಣಯ ಆಗಿದೆ. ನೀವಂತೂ ಎರಡು ಕೈ ಎತ್ತಿದ್ರಿ."

ವಿಲ್‌ಗೆ ರೇಗಿಹೋಯಿತು. "ಹಾಗಾದ್ರೆ ಹಾಗೇ ಇರ್ಲಿ ಬಿಡಿ! ನಾನು ಅದನ್ನ ಪುಸ್ತಕಕ್ಕೆ ಹಾಕಿಸ್ಕೊಂಡು ಸಾಯ್ಲಾ?" ಅಂದು ಬಾಗಿಲು ಬಡಿದುಕೊಂಡು ಬಂದ. ಗೇಟಿನ ಹತ್ತಿರ ಬರುವಷ್ಟರಲ್ಲೇ ಪಶ್ಚಾತ್ತಾಪ ಹತ್ತಿತು, ಆದರೆ ಹಿಂತಿರುಗಿ ಹೋಗುವ ಜಾತಿ ಅವನಲ್ಲ. ಹೋಗಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು.

ಆಮೇಲಿನ ದಿನಗಳು ಅವನಿಗೆ ಸಾಕುಬೇಕಾದವು. ಹೋದಲ್ಲೆಲ್ಲ ಡೋರ್ಕಸಳ ಧೈರ್ಯದ್ದೇ ಮಾತು. ಅಂದು ಕಂಡವರಲ್ಲಿ ಎಷ್ಟೋ ಜನ ಮಣ್ಣಾಗಿದ್ದರು, ಉಳಿದವರಿಗೆ ಯಾವ ಜೋನ್ಸನ ಹೆಂಡತಿ ಅನ್ನುವುದೇ ಮರೆತುಹೋಗಿತ್ತು. ಹೆಂಗಸರು ಅವಳಿಗೆ ಒಣದ್ರಾಕ್ಷಿಯ ಕೇಕು ಮಾಡಿ ಕೊಟ್ಟರು. ಅವಳು ಹೊಸ ಟೋಪಿ ಕೊಂಡಳು. ರಸ್ತೆಯಲ್ಲಿ ಸಿಕ್ಕಿದ ಬೆಣ್ಣೆ ವಿಲ್ ಕೂಡ, "ಲೋ ವಿಲ್, ನನ್ನ ಹೆಂಡ್ತಿ ಇಷ್ಟೆಲ್ಲ ಮಾಡಿದ್ದು ನನಗೇ ಮರ್ತುಹೋಗಿತ್ತು ಕಣೋ," ಅಂದ. ಪಾಪ, ಅವನು ನಿಜವಾಗಿಯೂ ನಂಬಿದ್ದ. ಆ ಮೊದಲ ಚಳಿಗಾಲದಲ್ಲಿ ಅವನು ಹಿಟ್ಟು ತರಲು ದೋಣಿಯಲ್ಲಿ ಹೋಗಿದ್ದವನು.

ವಿಲ್ ರಾತ್ರಿ ಊಟದ ತಟ್ಟೆ ಸರಿಸಿಬಿಡುತ್ತಿದ್ದ. ಹೆಲೆದ್ ನೋಡುವಷ್ಟು ನೋಡಿ ಅಂದಳು: "ಶನಿವಾರ ಚಾಪೆಲಿನಲ್ಲಿ ಪ್ರೂಫ್ ಓದ್ತಾರೆ. ತಪ್ಪಿದ್ರೆ ಅಲ್ಲಿ ಹೇಳ್ಬೇಕು. ಉಳಿದ ಪುಟ ಅಚ್ಚಾಗ್ತಿವೆ, ಇದೊಂದನ್ನ ಮೇಷ್ಟ್ರು ತಡೆದಿದಾರೆ. ಸೋಮವಾರ ಇದೂ ಅಚ್ಚಿಗೆ ಹೋದ್ರೆ ಮುಗೀತು."

"ಹೇಳು ಅಂತೀಯಾ?"

"ನಾನು ಏನೂ ಅನ್ನಲ್ಲ. ಅಮ್ಮ ಇದ್ದಿದ್ರೆ ಹೊಟ್ಟೆ ಹುಣ್ಣಾಗೋ ಹಾಗೆ ನಗ್ತಿದ್ಲು, ಅಷ್ಟು ಗೊತ್ತು."

"ಅವಳು ನಗ್ತಾಳೆ. ಅವಳಿಗೇನು? ನೀರಿಗೆ ಇಳಿದೋನು ನಾನು!"

ಶನಿವಾರ ಮಧ್ಯಾಹ್ನ ಚಾಪೆಲ್ ತುಂಬಿತ್ತು. ಹಿಂದಿನ ಕೋಣೆಯಲ್ಲಿ ಚಹಾ ಕುದಿಯುತ್ತಿತ್ತು, ಮುಂದಿನ ಬೆಂಚಿನಲ್ಲಿ ಡೋರ್ಕಸಳ ಹೊಸ ಟೋಪಿಯ ಗರಿ ಅಲ್ಲಾಡುತ್ತಿತ್ತು. ಮೇಷ್ಟ್ರು ಓದುತ್ತಾ ಹೋದರು. ವಿಲಿಯಂ ಜೋನ್ಸ್ ಇಬ್ಬರನ್ನು ಮದುವೆಯಾದ ಕಡೆ ಉಪ್ಪುಬಾವಿ ವಿಲ್ ಎದ್ದು, "ಅದರಲ್ಲಿ ಒಂದು ಮಾತ್ರ ನಂದು!" ಅಂತ ಕೂಗಿದ. ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ರೊಟ್ಟಿಯ ಸಾಲು ಬಂತು. ಎಲ್ಲರೂ ಡೋರ್ಕಸಳ ಕಡೆ ತಿರುಗಿ ಚಪ್ಪಾಳೆ ತಟ್ಟಲು ಶುರು ಮಾಡಿದರು.

ವಿಲ್ ಎದ್ದು ನಿಂತ. ಮುಂದಿನ ಬೆಂಚನ್ನು ಬಿಗಿಯಾಗಿ ಹಿಡಿದುಕೊಂಡ.

"ಮೇಷ್ಟ್ರೆ, ಅದು ತಪ್ಪು."

"ಯಾವ ವಿಲಿಯಂ ಜೋನ್ಸ್ ಮಾತಾಡ್ತಿರೋದು?" ಅಂದ ಹಿಂದೆ ಕೂತಿದ್ದ ಕಿವುಡು ಮುದುಕನೊಬ್ಬ.

ಉತ್ತರ ಎಲ್ಲರಿಗೂ ಗೊತ್ತಿತ್ತು, ಅವನ ಎದುರಿಗೆ ಹೇಳುವವರು ಯಾರು?

"ಮನೆಗೋಗ್ತೀನಿ ವಿಲ್," ಅಂದ ವಿಲ್. ಮೂವತ್ತು ವರ್ಷದಲ್ಲಿ ಅವನ ಬಾಯಿಂದ ಆ ಹೆಸರು ಬಂದದ್ದು ಅದೇ ಮೊದಲು. "ನೀವೆಲ್ಲ ನನ್ನ ಬೆನ್ನ ಹಿಂದೆ ಕರೀತೀರಲ್ಲ, ಅವನೇ ನಾನು. ಹಡಗು ಹೋದಾಗ ಹೆದರಿ ನೀರಿಗೆ ಇಳಿದೋನು ನಾನು. ಡೇರೆಗಳ ಕಡೆ ಹೋಗೋಕೆ ಹೆದರಿ ದಂಡೇಲಿ ನಿಂತೋನೂ ನಾನೇ. ರೊಟ್ಟಿ ತಗೊಂಡು ಹೋದೋಳು ನನ್ನ ಹೆಂಡ್ತಿ, ಮನೆಗೋಗ್ತೀನಿ ಲೌರಿ. ಹಾಗಂತ ಹಾಕಿ ಪುಸ್ತಕಕ್ಕೆ. ಹೆಂಗಿದ್ರೂ ನಗೋರು ನಗ್ಲಿ."

ಯಾರೂ ನಗಲಿಲ್ಲ. ಬೆಣ್ಣೆ ವಿಲ್ ಬಾಯಿ ತೆರೆದು ಹೆಂಡತಿಯ ಕಡೆ ನೋಡಿದ. ಗರಿ ಅಲ್ಲಾಡತೊಡಗಿತು, ಡೋರ್ಕಸ್ ಅಳುತ್ತಿದ್ದಾಳೆ ಅಂದುಕೊಂಡರು ಎಲ್ಲರೂ. ತಿರುಗಿದಾಗ ನೋಡಿದರೆ ನಗು ತಡೆಯಲಾಗದೆ ಅವಳ ಮುಖ ಕೆಂಪೇರಿತ್ತು.

"ಅಬ್ಬಾ, ಸದ್ಯ! ಇನ್ನೊಂದು ಕೇಕ್ ತಿಂದಿದ್ರೆ ನಾನು ಸತ್ತೇ ಹೋಗ್ತಿದ್ದೆ. ಆವತ್ತು ನಾನೆಲ್ಲಿದ್ದೆ ಗೊತ್ತಾ? ಗಾಡಿ ಕೆಳಗೆ, ಎರಡು ಕಂಬಳಿ ಹೊದ್ಕೊಂಡು. ಲೌರಿ ಹೋಗೋವಾಗ ಗಾಡಿ ಕೆಳಗೆ ಬಗ್ಗಿ ನೋಡಿ, ‘ಡೋರ್ಕಸ್, ಒಲೆ ಆರದ ಹಾಗೆ ನೋಡ್ಕೊ’ ಅಂದ್ಲು. ಅದನ್ನೂ ನಾನು ನೋಡ್ಕೊಳ್ಳಲಿಲ್ಲ."

"ಮತ್ತೆ ಇಷ್ಟು ದಿನ ಯಾಕೇ ಹೇಳ್ಲಿಲ್ಲ?" ಬೆಣ್ಣೆ ವಿಲ್ ಹೆಚ್ಚುಕಡಿಮೆ ಕಿರುಚಿದ.

"ಯಾರು ಕೇಳಿದ್ರು? ಎಲ್ರೂ ಬಂದು ಹೊಗಳಿದ್ರು, ಕೇಳೋಕೆ ಚೆನ್ನಾಗಿತ್ತು. ಹುಟ್ಟಿದಾಗಿಂದ ಪುಕ್ಕಲಿ ನಾನು. ಎರಡು ದಿನ ಧೈರ್ಯವಂತೆ ಆದ್ರೆ ನಿಮ್ಮ ಗಂಟೇನು ಹೋಯ್ತು?" ಅಂದವಳೇ ವಿಲ್‌ನ ಕಡೆ ತಿರುಗಿದಳು. ಅವಳ ದನಿ ಮೆತ್ತಗಾಯಿತು. "ನೀನು ಬಂದು ಹೇಳ್ತೀಯ ಅಂತ ಕಾಯ್ತಾ ಇದ್ದೆ ಕಣಪ್ಪಾ. ಯಾಕಿಷ್ಟು ತಡ ಮಾಡ್ದೆ?"

ಚಾಪೆಲ್ ಆಗ ನಕ್ಕಿತು ನೋಡಿ, ಕಿಟಕಿ ಗಾಜು ಅದುರುವ ಹಾಗೆ. ವಿಲ್ ಕೂಡ ನಕ್ಕ. ನಗುತ್ತಾ ಮೂಗು ಒರೆಸಿಕೊಂಡ.

ನಿರ್ಣಯ ಅಲ್ಲೇ ಮುರಿದುಬಿತ್ತು. ತಕ್ಷಣ ಉಪ್ಪುಬಾವಿ ವಿಲ್ ತನ್ನದೂ ಹಾಕಿ ಅಂದ, ಒಂಟಿಗಾಲು ವಿಲ್ ತನ್ನ ಎರಡೂ ಕಾಲಿನ ವಿಷಯ ಸ್ಪಷ್ಟ ಮಾಡಿ ಅಂದ. ಮೇಷ್ಟ್ರು ಚಹಾ ಲೋಟ ಬಡಿದು, ಉಳಿದ ಪುಟಗಳೆಲ್ಲ ಅಚ್ಚಾಗಿ ಹೋಗಿವೆ, ತಿದ್ದಲು ಬರುವುದು ಈ ಒಂದೇ ಪುಟ ಅಂತ ಕೂಗಿ ಹೇಳಿದ ಮೇಲೆ ಗಲಾಟೆ ನಿಂತಿತು.

ಆದರೂ ಅವರಿಗೆ ಒಳಗೊಳಗೇ ಸಂಕಟ. ಚಹಾ ಕುಡಿಯುವಾಗ ವಿಲ್‌ನ ತೋಳು ಹಿಡಿದು ಪಕ್ಕಕ್ಕೆ ಕರೆದರು. "ಅಚ್ಚಿನಲ್ಲಿ ಸ್ವಲ್ಪ ಗಂಭೀರವಾಗಿ ಬರೆಯೋಣ. ‘ಸ್ವಗೃಹಾಭಿಮುಖಿ ವಿಲಿಯಂ ಜೋನ್ಸ್’. ಹೇಗಿದೆ?"

"ಅದ್ಯಾರು ಪುಣ್ಯಾತ್ಮ?" ಅಂದ ವಿಲ್. "ನನಗೇ ಪರಿಚಯ ಇಲ್ಲ. ನಾನು ಕೂಗಿದ್ದು ಹಾಗಲ್ಲ ಮೇಷ್ಟ್ರೆ. ಕೂಗಿದ್ದೇ ಹಾಕಿ."

ಸೋಮವಾರ ಬೆಳಿಗ್ಗೆ ವಿಲ್, ಮೇಷ್ಟ್ರು, ಹೆಲೆದ್ ಮೂವರೂ ಪ್ರೆಸ್ಸಿನಲ್ಲಿ ಸೇರಿದರು. ಹೆಲೆದ್ ಹಳೆಯ ಸಾಲನ್ನು ಬಿಚ್ಚಿ, ‘ಮನೆಗೋಗ್ತೀನಿ’ ಎಂಬುದರ ಮೊಳೆಗಳನ್ನು ಒಂದೊಂದಾಗಿ ಜೋಡಿಸಿದಳು. ಪತ್ನಿ ಅಂದಮೇಲೆ ಅವಳ ಹೆಸರೂ ಇರಲಿ ಅಂತ ವಿಲ್ ಹೇಳಿದ್ದರಿಂದ ‘ಲೌರಿ’ ಅಂತಲೂ ಆರಿಸಿದಳು. ಈಗ ಸಾಲು ಚೌಕಟ್ಟಿನಿಂದ ಆಚೆ ಚಾಚಿಕೊಂಡಿತು. ಒತ್ತಿದರೂ ಕೂರಲಿಲ್ಲ. ಕೆಳಗಿನ ಸಾಲಿಗೆ ತಳ್ಳಿದರೆ ಪುಟದ ಕೊನೆಯ ಸಾಲು ಮುಂದಿನ ಪುಟಕ್ಕೆ ಹೋಗಬೇಕು, ಮುಂದಿನ ಪುಟ ಆಗಲೇ ಅಚ್ಚಾಗಿ ಒಣಗುತ್ತಿತ್ತು.

"ಏನಾದ್ರೂ ಒಂದು ತೆಗೀಬೇಕು," ಅಂದಳು ಹೆಲೆದ್.

ಮೇಷ್ಟ್ರು ಬಗ್ಗಿ ನೋಡಿದರು. ಮೊಳೆಗಳಲ್ಲಿ ಎಲ್ಲ ತಿರುಗುಮುರುಗು, ಆದರೂ ಅವರಿಗೆ ಓದಲು ಬರುತ್ತಿತ್ತು. "ಲೌರಿ ತೆಗೆದ್ರೆ ಸರಿಹೋಗತ್ತೆ. ಅಡ್ಡಹೆಸರು ಇದೆಯಲ್ಲ, ಯಾರ ಹೆಂಡತಿ ಅಂತ ಗೊತ್ತಾಗೇ ಆಗತ್ತೆ. ಚರಿತ್ರೆಗೆ ಅಷ್ಟು ಸಾಕು."

"ಬೇಡ," ಅಂದ ವಿಲ್.

"ಮತ್ತೇನು ತೆಗೆಯೋದು? ರೊಟ್ಟಿ ತೆಗೆಯೋಕಾಗತ್ತಾ? ‘ಒಬ್ಬರೇ’ ತೆಗೆಯೋಕಾಗತ್ತಾ?"

ವಿಲ್ ಸಾಲಿನ ಮೇಲೆ ಬೆರಳಿಟ್ಟ. ಅವನಿಗೆ ತಿರುಗುಮುರುಗು ಓದಲು ಬರುತ್ತಿರಲಿಲ್ಲ. "ಇದರಲ್ಲಿ ವಿಲಿಯಂ ಜೋನ್ಸ್ ಎಲ್ಲಿದೆಯೇ?"

ಹೆಲೆದ್ ತೋರಿಸಿದಳು. ಎಷ್ಟು ವರ್ಷದಿಂದ ಅವನು ಅದಕ್ಕಾಗಿ ಹಂಬಲಿಸಿದ್ದ ಎಂಬುದು ಅವಳಿಗೆ ಗೊತ್ತಿತ್ತು. ವಿಲ್ ಆ ಮೊಳೆಗಳನ್ನು ಒಂದು ಗಳಿಗೆ ನೋಡಿದ.

"ಅದನ್ನ ತೆಗಿ."

"ಅಪ್ಪ, ನಿನ್ನ ಹೆಸರು ಅದು."

"ಆ ಹೆಸರಿನೋರು ಊರಲ್ಲಿ ಇನ್ನೂ ಆರು ಜನ ಇದಾರೆ. ನನಗೆ ವಿಲ್ ಸಾಕು. ಅವಳು ಇರ್ಲಿ."

ಹೆಲೆದ್ ಚಿಮಟ ತೆಗೆದುಕೊಂಡು ‘ವಿಲಿಯಂ ಜೋನ್ಸ್’ ಅನ್ನು ಅಕ್ಷರ ಅಕ್ಷರವಾಗಿ ಎತ್ತಿ ತಂದೆಯ ಅಂಗೈಗೆ ಹಾಕಿದಳು. ಆ ಜಾಗಕ್ಕೆ ಪುಟ್ಟದೊಂದು ‘ವಿಲ್’ ಇಟ್ಟು, ಪಕ್ಕದಲ್ಲಿ ‘ಲೌರಿ’ಯನ್ನು ಕೂರಿಸಿದಳು. ಸಾಲು ಚೌಕಟ್ಟಿಗೆ ಸರಿಯಾಗಿ ಕೂತಿತು.